ಇಬ್ಬರ ಸಿನಿಮಾ: ಕೊನೆಯ ಮಾತು ಯಾರದು, ಕೊನೆಯ ಪಾಲು ಯಾರಿಗೆ

ಇಬ್ಬರು ಸೇರಿ ಸಿನಿಮಾ ಮಾಡಿದರೆ ಹೊರೆ ಅರ್ಧವಾಗುತ್ತದೆ ಎಂಬುದು ಹೊರಗಿನವರ ಲೆಕ್ಕ. ಹೊರೆ ಅಷ್ಟೇ ಇರುತ್ತದೆ, ಸಂಭಾವನೆ ಮಾತ್ರ ಅರ್ಧವಾಗುತ್ತದೆ. ಅಮೆರಿಕದ ಬರಹಗಾರರ ಸಂಘವಾದ ರೈಟರ್ಸ್ ಗಿಲ್ಡ್, ಜೋಡಿಯಾಗಿ ಬರೆಯುವ ಇಬ್ಬರನ್ನು ಒಬ್ಬ ಬರಹಗಾರ ಎಂದೇ ಎಣಿಸುತ್ತದೆ. ಕನಿಷ್ಠ ಸಂಭಾವನೆ ಒಂದೇ, ಅದನ್ನು ಇಬ್ಬರೂ ಹಂಚಿಕೊಳ್ಳಬೇಕು. ಆದರೂ ಸ್ವತಂತ್ರ ಸಿನಿಮಾದಲ್ಲಿ ಜೋಡಿಗಳು ಮತ್ತೆ ಮತ್ತೆ ಹುಟ್ಟಿಕೊಳ್ಳುತ್ತವೆ. ದೊಡ್ಡ ಸ್ಟುಡಿಯೋದ ಬೆಂಬಲವಿಲ್ಲದ ಚಿತ್ರ ಮೊದಲ ಕರಡಿನಿಂದ ತೆರೆಗೆ ಬರುವಷ್ಟರಲ್ಲಿ ಮೂರರಿಂದ ಐದು ವರ್ಷ ಹಿಡಿಯುವುದು ಸಾಮಾನ್ಯ. ಅಷ್ಟು ದಿನ ಒಬ್ಬರೇ ಎಳೆದರೆ ನಡುವೆ ಎಲ್ಲೋ ಒಂದು ಕಡೆ ಕೈ ಸೋಲುತ್ತದೆ. ಇಬ್ಬರಿದ್ದರೆ ಒಬ್ಬರು ಸೋತಾಗ ಇನ್ನೊಬ್ಬರು ಫೋನ್ ಮಾಡುತ್ತಿರುತ್ತಾರೆ.

ಜೋಡಿ ಮುರಿಯುವುದು ಅಭಿರುಚಿ ಬೇರೆಯಾಗಿದ್ದರಿಂದ ಎಂದು ಎಲ್ಲರೂ ಹೇಳುತ್ತಾರೆ. ನಮ್ಮ ಅಂದಾಜು ಬೇರೆ. ಅಭಿರುಚಿಯ ಜಗಳ ಸಿನಿಮಾಕ್ಕೆ ಒಳ್ಳೆಯದನ್ನೇ ಮಾಡುತ್ತದೆ. ಮುರಿಯುವುದು ಬರೆದಿಡದ ಮೂರು ವಿಷಯಗಳಲ್ಲಿ: ನಿರ್ಧಾರ ಯಾರದು, ಹಕ್ಕು ಯಾರದು, ಹಣ ಯಾವ ಸಾಲಿನಲ್ಲಿ ಬರುತ್ತದೆ.

ಟೈಟಲ್ ಕಾರ್ಡ್ ಹೇಳುವುದು, ಹೇಳದಿರುವುದು

ಜೋಡಿ ಎಂದರೆ ಒಂದೇ ಬಗೆಯಲ್ಲ. 1961ರಲ್ಲಿ ಶುರುವಾದ ಮರ್ಚೆಂಟ್ ಐವರಿ ಸಂಸ್ಥೆಯಲ್ಲಿ ಇಸ್ಮಾಯಿಲ್ ಮರ್ಚೆಂಟ್ ಹಣ ಹೊಂದಿಸುವ ನಿರ್ಮಾಪಕ, ಜೇಮ್ಸ್ ಐವರಿ ನಿರ್ದೇಶಕ. 2005ರಲ್ಲಿ ಮರ್ಚೆಂಟ್ ತೀರಿಕೊಳ್ಳುವವರೆಗೂ ಆ ಗೆರೆ ಹೆಚ್ಚುಕಡಿಮೆ ಹಾಗೆಯೇ ಇತ್ತು. ಬ್ರಿಟನ್ನಿನ ಮೈಕೆಲ್ ಪವೆಲ್ ಮತ್ತು ಎಮರಿಕ್ ಪ್ರೆಸ್‌ಬರ್ಗರ್ 1940ರ ದಶಕದಲ್ಲಿ ಬರಹ, ನಿರ್ಮಾಣ, ನಿರ್ದೇಶನ ಮೂರಕ್ಕೂ ಇಬ್ಬರ ಹೆಸರನ್ನು ಒಟ್ಟಿಗೇ ಹಾಕಿದರು. ಸೆಟ್‌ನಲ್ಲಿ ನಟರ ಜೊತೆ ನಿಲ್ಲುತ್ತಿದ್ದವರು ಹೆಚ್ಚಾಗಿ ಪವೆಲ್, ಕಥೆ ಕಟ್ಟುವುದು ಹೆಚ್ಚಾಗಿ ಪ್ರೆಸ್‌ಬರ್ಗರ್. ಹೆಸರು ಸಮ, ಕೆಲಸ ಬೇರೆ. ಬೆಲ್ಜಿಯಂನ ಡಾರ್ಡೆನ್ ಸಹೋದರರದು ಮೂರನೆಯ ಬಗೆ: ಒಬ್ಬರು ನಟರ ಬಳಿ, ಇನ್ನೊಬ್ಬರು ಮಾನಿಟರ್ ಎದುರು, ಆಮೇಲೆ ಅದಲುಬದಲು. ಈ ಪದ್ಧತಿಯಲ್ಲಿ ಅವರು 1999 ಮತ್ತು 2005ರಲ್ಲಿ ಕಾನ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿಯನ್ನು ಎರಡು ಸಲ ಪಡೆದಿದ್ದಾರೆ. ಹೊಸ ಜೋಡಿಗಳು ಸಾಮಾನ್ಯವಾಗಿ ಆಸೆಪಡುವುದು ಈ ಮೂರನೆಯದಕ್ಕೆ. ಅದು ಮೂರರಲ್ಲಿ ಅತಿ ಕಷ್ಟದ್ದು, ವರ್ಷಗಟ್ಟಲೆ ಒಟ್ಟಿಗೆ ಸಾಕ್ಷ್ಯಚಿತ್ರ ಮಾಡಿದ ಮೇಲೆ ಆ ಸಹೋದರರಿಗೆ ಒಲಿದದ್ದು.

ಹೆಸರು ಹೇಗೆ ಹಾಕಬೇಕು ಎಂಬುದನ್ನು ಕೆಲವೊಮ್ಮೆ ಸಂಘದ ನಿಯಮವೇ ತೀರ್ಮಾನಿಸುತ್ತದೆ. ಅಮೆರಿಕದ ಡೈರೆಕ್ಟರ್ಸ್ ಗಿಲ್ಡ್ ಒಂದು ಚಿತ್ರಕ್ಕೆ ಒಬ್ಬರೇ ನಿರ್ದೇಶಕರು ಎನ್ನುತ್ತದೆ. ನಿಜವಾದ ಜೋಡಿ ಎಂದು ತೋರಿಸಿ ವಿನಾಯಿತಿ ಪಡೆಯಬೇಕು. ಕೋಎನ್ ಸಹೋದರರ ಮೊದಲ ಎರಡು ದಶಕಗಳ ಚಿತ್ರಗಳಲ್ಲಿ ಜೋಯೆಲ್ ನಿರ್ದೇಶಕ, ಈಥನ್ ನಿರ್ಮಾಪಕ ಎಂದು ಹೆಸರಿತ್ತು; ನಿರ್ದೇಶಕರಾಗಿ ಇಬ್ಬರ ಹೆಸರೂ ಬಂದದ್ದು 2004ರ ಚಿತ್ರದಿಂದ. ಅದೇ ವರ್ಷ ನಿರ್ದೇಶಕ ರಾಬರ್ಟ್ ರೊಡ್ರಿಗಸ್, ಜೊತೆಗಾರ ಫ್ರಾಂಕ್ ಮಿಲ್ಲರ್ ಹೆಸರನ್ನು ಸಹನಿರ್ದೇಶಕನಾಗಿ ಹಾಕಲು ಗಿಲ್ಡ್ ಬಿಡದ್ದಕ್ಕೆ ಸದಸ್ಯತ್ವವನ್ನೇ ಬಿಟ್ಟರು. ನಿಮ್ಮಲ್ಲಿ ಯಾರಾದರೂ ಯಾವುದಾದರೂ ಸಂಘದ ಸದಸ್ಯರಾಗಿದ್ದರೆ ಈ ನಿಯಮವನ್ನು ಚಿತ್ರಕಥೆ ಮುಗಿಯುವ ಮುನ್ನವೇ ಓದಿ, ಪೋಸ್ಟರ್ ಅಚ್ಚಾದ ಮೇಲಲ್ಲ.

ಹಕ್ಕು ಎಲ್ಲಿ ಕೂರಬೇಕು

ಇಬ್ಬರೂ ಸೇರಿ ಚಿತ್ರಕಥೆ ಬರೆದಿದ್ದಾರೆ, ಕಾಗದಪತ್ರ ಏನೂ ಇಲ್ಲ ಎಂದಿಟ್ಟುಕೊಳ್ಳಿ. ಅಮೆರಿಕದ ಕಾನೂನಿನಲ್ಲಿ ಇಬ್ಬರೂ ಜಂಟಿ ಒಡೆಯರು. ಒಬ್ಬರು ಇನ್ನೊಬ್ಬರನ್ನು ಕೇಳದೆಯೇ ಬಳಕೆಯ ಅನುಮತಿ ಕೊಡಬಹುದು, ಬಂದ ಲಾಭದಲ್ಲಿ ಪಾಲು ಕೊಟ್ಟರೆ ಸಾಕು. ಆದರೆ ಅದು ಏಕಸ್ವಾಮ್ಯವಲ್ಲದ ಅನುಮತಿ ಮಾತ್ರ, ಅಂದರೆ ಬೇರೆಯವರಿಗೂ ಕೊಡಬಹುದಾದದ್ದು. ಹಣ ಹಾಕುವವರಿಗೂ ಹಂಚಿಕೆದಾರರಿಗೂ ಬೇಕಿರುವುದು ಏಕಸ್ವಾಮ್ಯ. ಬ್ರಿಟನ್ನಿನಲ್ಲಿ ಇನ್ನೂ ಬಿಗಿ: ಏನೇ ಮಾಡಬೇಕಿದ್ದರೂ ಇಬ್ಬರ ಒಪ್ಪಿಗೆ ಬೇಕು. ಎರಡೂ ಕಡೆ ಪರಿಣಾಮ ಒಂದೇ, ಮುನಿಸಿಕೊಂಡ ಒಬ್ಬರು ಇಡೀ ಚಿತ್ರವನ್ನು ನಿಲ್ಲಿಸಬಹುದು. ಮುಗಿದ ಚಿತ್ರದ ವಿಷಯದಲ್ಲಂತೂ ದೇಶಕ್ಕೊಂದು ನಿಯಮ. ಭಾರತದ ಕಾಯ್ದೆಯಲ್ಲಿ ಚಿತ್ರದ ಕರ್ತೃ ನಿರ್ಮಾಪಕ. ಬ್ರಿಟನ್ನಿನಲ್ಲಿ ನಿರ್ಮಾಪಕ ಮತ್ತು ಪ್ರಧಾನ ನಿರ್ದೇಶಕ ಇಬ್ಬರೂ. ಫ್ರಾನ್ಸಿನಲ್ಲಿ ನಿರ್ದೇಶಕ, ಚಿತ್ರಕಥೆಗಾರ, ಸಂಭಾಷಣೆಕಾರ, ಚಿತ್ರಕ್ಕೆಂದೇ ಸಂಗೀತ ಮಾಡಿದವರು ಎಲ್ಲರೂ ಸಹಕರ್ತೃಗಳು.

ಆದ್ದರಿಂದ ಹಕ್ಕನ್ನು ಇಬ್ಬರ ಜೇಬಿನಲ್ಲಿ ಅರ್ಧರ್ಧ ಇಟ್ಟುಕೊಳ್ಳುವ ಬದಲು ಒಂದು ಕಂಪನಿಯಲ್ಲಿ ಇಡುವುದು ರೂಢಿ. ಇಬ್ಬರೂ ತಮ್ಮ ಬರಹವನ್ನು ಲಿಖಿತವಾಗಿ ಆ ಕಂಪನಿಗೆ ವಹಿಸುತ್ತಾರೆ, ಕಂಪನಿಯಲ್ಲಿ ಇಬ್ಬರಿಗೂ ಷೇರು. ಇಲ್ಲಿ ತಪ್ಪುವುದು ಯಾವಾಗಲೂ ಒಂದೇ ಜಾಗದಲ್ಲಿ. ಕಂಪನಿ ಹುಟ್ಟುವ ಮುಂಚೆ ಒಬ್ಬರು ಬರೆದ ಮೊದಲ ಕರಡು, ಮೂಲ ಸಣ್ಣಕತೆ ಅಥವಾ ಟಿಪ್ಪಣಿ ವರ್ಗಾವಣೆಯಾಗದೆ ಉಳಿದಿರುತ್ತದೆ. ವರ್ಷಗಳ ನಂತರ ಹಂಚಿಕೆದಾರರ ವಕೀಲರು ಹಕ್ಕಿನ ಸರಪಳಿಯನ್ನು, ಅಂದರೆ ಹಕ್ಕು ಯಾರಿಂದ ಯಾರಿಗೆ ಬಂತು ಎಂಬುದನ್ನು, ಪರಿಶೀಲಿಸುವಾಗ ಆ ಒಂದು ಕೊಂಡಿ ಇರುವುದಿಲ್ಲ. ಮೂಲಕಥೆ, ಪ್ರತಿ ಕರಡು, ನಟರು, ಸಂಗೀತ, ಸ್ಥಳ, ತೆರೆಯ ಮೇಲೆ ಕಾಣುವ ಚಿತ್ರಕಲೆ, ಹೀಗೆ ಒಂದೊಂದಕ್ಕೂ ಸಹಿ ಹಾಕಿದ ಕಾಗದ ಬೇಕು. ಇದಕ್ಕೊಂದು ಫೋಲ್ಡರ್ ಮಾಡಿ, ಶೂಟಿಂಗ್‌ಗೂ ಮುಂಚೆ, ಮೊದಲ ದಿನದಿಂದಲೇ ತುಂಬುತ್ತಾ ಹೋಗುವುದು ಒಬ್ಬರ ಕೆಲಸ ಎಂದು ಗೊತ್ತುಮಾಡಿ.

ಷೇರು 50-50 ಇದ್ದರೆ ಬಿಕ್ಕಟ್ಟು ಖಚಿತ, ಎಂದಾದರೂ. ಬಿಡಿಸಲು ಮೂರು ದಾರಿಗಳಿವೆ. ಒಂದೊಂದು ವಿಷಯಕ್ಕೂ ಕೊನೆಯ ಮಾತು ಇಂಥವರದು ಎಂದು ಬರೆಯುವುದು ಮೊದಲನೆಯದು. ಇಬ್ಬರೂ ನಂಬುವ ಮೂರನೆಯವರ ತೀರ್ಪಿಗೆ ಬಿಡುವುದು ಎರಡನೆಯದು. ಮೂರನೆಯದು ಸ್ವಲ್ಪ ಒರಟು: ಒಬ್ಬರು ಕಂಪನಿಗೆ ಒಂದು ಬೆಲೆ ಹೇಳುತ್ತಾರೆ, ಇನ್ನೊಬ್ಬರು ಅದೇ ಬೆಲೆಗೆ ಕೊಳ್ಳಬಹುದು ಅಥವಾ ಮಾರಬಹುದು. ನ್ಯಾಯವಾಗಿ ಕಾಣುತ್ತದೆ, ಆದರೆ ಕೈಯಲ್ಲಿ ಹಣ ಇರುವವರಿಗೇ ಅನುಕೂಲ. ಇಬ್ಬರ ಆರ್ಥಿಕ ಸ್ಥಿತಿ ಸಮವಿಲ್ಲದಿದ್ದರೆ ಈ ಷರತ್ತು ಬೇಡ.

ಸೆಟ್‌ನಲ್ಲಿ ಒಂದೇ ಬಾಯಿ

ಶೂಟಿಂಗ್‌ಗೆ ಒಂದು ತಿಂಗಳ ಮುಂಚೆ ಇಬ್ಬರೂ ಕೂತು ಒಂದು ಪಟ್ಟಿ ಮಾಡಬೇಕು. ಎಡಗಡೆ ವಿಷಯ: ಪಾತ್ರವರ್ಗ, ಸಂಭಾಷಣೆಯ ತಿದ್ದುಪಡಿ, ನಟನೆ, ಫ್ರೇಮ್, ಧ್ವನಿ, ವೇಷಭೂಷಣ, ದಿನದ ವೇಳಾಪಟ್ಟಿ, ಬಜೆಟ್ ಮೀರುವ ಖರ್ಚು, ಸಂಕಲನ, ಸಂಗೀತ, ಉತ್ಸವದ ಆಯ್ಕೆ, ಮಾರಾಟ. ಬಲಗಡೆ ಒಂದೇ ಹೆಸರು. ‘ಇಬ್ಬರೂ’ ಎಂದು ಬರೆಯಲು ಎರಡು ಮೂರು ಸಾಲಿಗಿಂತ ಹೆಚ್ಚು ಅವಕಾಶ ಕೊಡಬೇಡಿ. ಮುಖ್ಯ ಪಾತ್ರಧಾರಿಗಳು, ಅಂತಿಮ ಲಾಕ್ (ಸಂಕಲನ ಇನ್ನು ಬದಲಾಗದು ಎಂಬ ತೀರ್ಮಾನ), ಮಾರಾಟದ ಸಹಿ, ಇಷ್ಟಕ್ಕೆ ಸಾಕು. ಎಲ್ಲ ಸಾಲಿನಲ್ಲೂ ಇಬ್ಬರ ಹೆಸರಿದ್ದರೆ ಅದು ಪಟ್ಟಿಯೇ ಅಲ್ಲ.

ಈ ಪಟ್ಟಿ ಯಾಕೆ ಬೇಕು ಎಂಬುದು ಗಡಿಯಾರ ನೋಡಿದರೆ ತಿಳಿಯುತ್ತದೆ. 90 ಪುಟದ ಚಿತ್ರಕಥೆ, ದಿನಕ್ಕೆ 5 ಪುಟದಂತೆ 18 ದಿನದ ಶೂಟಿಂಗ್. ದಿನಕ್ಕೆ 20 ಸೆಟಪ್, ಅಂದರೆ ಕ್ಯಾಮೆರಾ ಮತ್ತು ಲೈಟನ್ನು 20 ಸಲ ಹೊಸದಾಗಿ ಹೊಂದಿಸುವುದು. ಪ್ರತಿ ಸೆಟಪ್‌ಗೂ ಇಬ್ಬರು ಹತ್ತು ನಿಮಿಷ ಮಾತಾಡಿಕೊಂಡರೆ 200 ನಿಮಿಷ, ಅಂದರೆ 12 ಗಂಟೆಯ ದಿನದಲ್ಲಿ 3 ಗಂಟೆ 20 ನಿಮಿಷ ಹೋಯಿತು. ಕ್ಯಾಮೆರಾ, ಲೈಟು, ಜನ ಎಲ್ಲವೂ ಬಾಡಿಗೆಯ ಮೇಲೆ ನಿಂತಿರುವ ಹೊತ್ತದು. ಹಾಗಾಗಿ ಮಾತು ಹಿಂದಿನ ರಾತ್ರಿಯೇ ಮುಗಿಯಬೇಕು. ಮರುದಿನದ ಶಾಟ್‌ಗಳನ್ನು ‘ಬೇಕೇಬೇಕು’, ‘ಇದ್ದರೆ ಒಳ್ಳೆಯದು’, ‘ಹೊತ್ತು ಹೋದರೆ ಬಿಡಬಹುದು’ ಎಂದು ಗುರುತು ಹಾಕಿ ಸಹಾಯಕ ನಿರ್ದೇಶಕರ ಕೈಗೆ ಕೊಡಿ. ಸಂಜೆ ನಾಲ್ಕಕ್ಕೆ ಬೆಳಕು ಇಳಿಯುವಾಗ ಏನು ಕೈಬಿಡಬೇಕೆಂದು ಜಗಳವಾಡುವ ಅಗತ್ಯ ಬೀಳುವುದಿಲ್ಲ.

ನಟರ ಜೊತೆ ಮಾತಾಡುವುದು ಒಬ್ಬರೇ. ಎರಡನೆಯವರಿಗೆ ಕಂಡದ್ದನ್ನು ಮೊದಲನೆಯವರ ಕಿವಿಯಲ್ಲಿ ಹೇಳಬಹುದು, ನಟರ ಎದುರು ಹೇಳಕೂಡದು. ಒಂದೇ ಟೇಕ್‌ಗೆ ‘ಇನ್ನೂ ಕೋಪ ಬೇಕು’ ಎಂದೂ ‘ತುಂಬಾ ಕೋಪವಾಯಿತು’ ಎಂದೂ ಎರಡು ಕಡೆಯಿಂದ ಕೇಳಿದ ನಟ ಮುಂದಿನ ಟೇಕ್‌ನಲ್ಲಿ ಯಾವುದನ್ನೂ ಮಾಡುವುದಿಲ್ಲ, ನಡುವಿನದೇನೋ ಮಾಡಿ ಮುಗಿಸುತ್ತಾನೆ. ತಂಡದವರೂ ಬೇಗ ಕಲಿಯುತ್ತಾರೆ. ಅಮ್ಮ ಬೇಡ ಎಂದದ್ದನ್ನು ಅಪ್ಪನ ಹತ್ತಿರ ಹೋಗಿ ಕೇಳುವ ಮಗುವಿನ ಹಾಗೆ, ಒಬ್ಬರು ನಿರಾಕರಿಸಿದ್ದನ್ನು ಇನ್ನೊಬ್ಬರಲ್ಲಿ ಕೇಳಿ ಪಡೆಯುತ್ತಾರೆ. ಇದಕ್ಕೆ ಒಂದೇ ಔಷಧ: ‘ಅವರು ಏನು ಹೇಳಿದರು?’ ಎಂದು ಮೊದಲು ಕೇಳುವುದು. ಇನ್ನು ಮಾತೇ ಆಡದೆ ಇರುವ ಎರಡನೆಯವರ ಸಂಕಟಕ್ಕೂ ಒಂದು ಕಿಂಡಿ ಬಿಡಿ. ಪ್ರತಿ ದೃಶ್ಯಕ್ಕೆ ಒಂದು ಹೆಚ್ಚುವರಿ ಟೇಕ್ ಅವರ ಹಕ್ಕು, ಕಾರಣ ಕೇಳುವಂತಿಲ್ಲ. ಮೂರು ನಿಮಿಷದ ಖರ್ಚಿನಲ್ಲಿ ಎಷ್ಟೋ ಮುನಿಸು ಕರಗುತ್ತದೆ.

ಎರಡನೆಯವರಿಗೆ ಸೆಟ್‌ನಲ್ಲಿ ಕಣ್ಣಿಗೆ ಕಾಣುವ ಒಂದು ಕೆಲಸವೂ ಇರಲಿ. ಡೇಟಾ ನೋಡಿಕೊಳ್ಳುವುದು ಒಳ್ಳೆಯ ಆಯ್ಕೆ. ಸೆಕೆಂಡಿಗೆ 400 ಮೆಗಾಬಿಟ್ ದರದಲ್ಲಿ ಚಿತ್ರೀಕರಿಸಿದರೆ ಗಂಟೆಗೆ 180 ಗಿಗಾಬೈಟ್. ದಿನಕ್ಕೆ ನಾಲ್ಕು ಗಂಟೆಯ ಫುಟೇಜ್ ಎಂದರೆ 720, ಹದಿನೆಂಟು ದಿನಕ್ಕೆ ಸುಮಾರು 13 ಟೆರಾಬೈಟ್. ಮೂರು ಪ್ರತಿ ಇಡಬೇಕು, ಎರಡು ಬಗೆಯ ಸಾಧನದಲ್ಲಿ, ಒಂದು ಬೇರೆ ಕಟ್ಟಡದಲ್ಲಿ. ಒಟ್ಟು 39 ಟೆರಾಬೈಟ್ ಜಾಗ. ನಕಲು ಮಾಡುವಾಗ ಚೆಕ್‌ಸಮ್ (ಫೈಲಿನಿಂದ ಲೆಕ್ಕಹಾಕಿದ ಗುರುತಿನ ಅಂಕಿ) ತಾಳೆ ನೋಡುವ ಸಾಫ್ಟ್‌ವೇರ್ ಬಳಸಿ, ಮೌಸ್‌ನಿಂದ ಎಳೆದು ಬಿಡುವ ನಕಲನ್ನು ನಂಬಬೇಡಿ. ಎರಡನೆಯ ಪ್ರತಿ ತಾಳೆಯಾಗುವವರೆಗೆ ಕಾರ್ಡ್ ಅಳಿಸಬಾರದು. ಫುಟೇಜ್ ಕಳೆದುಹೋದಾಗ ವಿಚಾರಿಸಿ ನೋಡಿದರೆ, ಬಹಳ ಸಲ ‘ನೀನು ಮಾಡಿರುತ್ತೀಯ ಅಂದುಕೊಂಡೆ’ ಎಂಬಲ್ಲಿಗೇ ಬಂದು ನಿಲ್ಲುತ್ತದೆ.

ಸಂಕಲನದ ಕೋಣೆ

ಜೋಡಿಗೆ ನಿಜವಾದ ಪರೀಕ್ಷೆ ಇಲ್ಲಿ. ಮೊದಲ ಜೋಡಣೆ 90 ನಿಮಿಷದ ಬದಲು ಎರಡು ಗಂಟೆ ಆಸುಪಾಸು ಇರುತ್ತದೆ, ನೋಡಿದವರಿಗೆ ಸಿನಿಮಾ ಕೆಟ್ಟಿತು ಅನ್ನಿಸುತ್ತದೆ. ಆ ದಿನ ಯಾರೂ ಏನೂ ತೀರ್ಮಾನಿಸಬಾರದು. ಇಬ್ಬರೂ ಬೇರೆ ಬೇರೆ ನೋಡಿ, ಟೈಮ್‌ಕೋಡ್ (ಚಿತ್ರದಲ್ಲಿ ಆ ಜಾಗ ಬರುವ ನಿಮಿಷ, ಸೆಕೆಂಡಿನ ಗುರುತು) ಹಾಕಿ ಟಿಪ್ಪಣಿ ಬರೆದು, ಆಮೇಲೆ ಎರಡನ್ನೂ ಪಕ್ಕಪಕ್ಕ ಇಡಬೇಕು. ಮೊದಲೇ ಮಾತಾಡಿಕೊಂಡರೆ ದನಿ ಜೋರಿರುವವರ ಟಿಪ್ಪಣಿಯೇ ಇಬ್ಬರದೂ ಆಗಿಬಿಡುತ್ತದೆ.

ಪಕ್ಕಪಕ್ಕ ಇಟ್ಟಾಗ ಒಂದು ಸಂಗತಿ ಕಾಣುತ್ತದೆ. ಇಬ್ಬರೂ ಒಂದೇ ಟೈಮ್‌ಕೋಡ್‌ಗೆ ಗುರುತು ಹಾಕಿ, ಪರಿಹಾರ ಮಾತ್ರ ಬೇರೆ ಬೇರೆ ಬರೆದಿದ್ದರೆ, ಅಲ್ಲಿ ತೊಂದರೆ ಇರುವುದು ನಿಜ ಮತ್ತು ಎರಡೂ ಪರಿಹಾರ ಬಹುಶಃ ತಪ್ಪು. ದೃಶ್ಯ 40 ಎಳೆದಾಡುತ್ತಿದೆ ಎಂದು ಇಬ್ಬರಿಗೂ ಅನ್ನಿಸಿದರೆ ಕಾರಣ ಅನೇಕ ಬಾರಿ ದೃಶ್ಯ 31ರಲ್ಲಿ ಇರುತ್ತದೆ: ಗೊತ್ತಾಗಬೇಕಾದ ವಿಷಯ ಅಲ್ಲೇ ಗೊತ್ತಾಗಿಹೋಗಿ, 40ಕ್ಕೆ ಹೇಳಲು ಏನೂ ಉಳಿದಿರುವುದಿಲ್ಲ. ಒಬ್ಬರೇ ಗುರುತು ಹಾಕಿದ ಜಾಗಗಳು ಅಭಿರುಚಿಯವು. ಅವು ಪಟ್ಟಿಯಲ್ಲಿ ಹೆಸರಿರುವವರ ಪಾಲಿಗೆ. ಸಂಕಲನಕಾರರಿಗೆ ಹೋಗುವುದು ಒಂದೇ ಹಾಳೆ. ಎರಡು ಇಮೇಲ್ ಹೋದರೆ ಸಂಕಲನಕಾರರು ಎರಡು ಸಿನಿಮಾ ಕಟ್ಟಲು ಶುರುಮಾಡುತ್ತಾರೆ.

ಒಮ್ಮತ ಬರದಿದ್ದರೆ ಕಥೆ ಗೊತ್ತಿಲ್ಲದ ಹತ್ತು ಹದಿನೈದು ಮಂದಿಗೆ ತೋರಿಸಿ. ‘ಹೇಗಿತ್ತು’ ಎಂದು ಕೇಳಬೇಡಿ, ಎಲ್ಲಿ ಬೇಸರವಾಯಿತು, ಎಲ್ಲಿ ಅರ್ಥವಾಗಲಿಲ್ಲ, ಯಾರ ಹೆಸರು ನೆನಪಿದೆ ಎಂದು ಕೇಳಿ. ಪರಿಹಾರ ಹೇಳಲು ಬಂದವರನ್ನು ನಯವಾಗಿ ತಡೆಯಿರಿ.

ಲಾಕ್ ಎಂದ ಮೇಲೆ ಲಾಕ್. 90 ನಿಮಿಷದ ಚಿತ್ರ, ಸೆಕೆಂಡಿಗೆ 24 ಫ್ರೇಮ್‌ನಂತೆ 1,29,600 ಫ್ರೇಮ್. ನಡುವೆ 12 ಫ್ರೇಮ್ ತೆಗೆದರೂ ಅಲ್ಲಿಂದ ಮುಂದಿನ ಡಬ್ಬಿಂಗ್, ಸದ್ದು, ಸಂಗೀತ, ಬಣ್ಣ, ಸಬ್‌ಟೈಟಲ್ ಎಲ್ಲವೂ ಅರ್ಧ ಸೆಕೆಂಡು ಜಾರುತ್ತದೆ. ಪ್ರತಿಯೊಂದನ್ನೂ ಮತ್ತೆ ಕೂರಿಸಬೇಕು, ಪ್ರತಿಯೊಬ್ಬರಿಗೂ ಮತ್ತೆ ಹಣ ಕೊಡಬೇಕು. ಲಾಕ್ ಸಹಿಗೆ ಇಬ್ಬರೂ ಬೇಕು ಎಂದದ್ದು ಇದಕ್ಕೇ.

ಹಣ ಯಾವ ಸಾಲಿನಲ್ಲಿ ಬರುತ್ತದೆ

‘ಲಾಭದಲ್ಲಿ ಅರ್ಧರ್ಧ’ ಎಂದು ಮಾತಾಡಿಕೊಂಡ ಜೋಡಿಗಳಿಗೆ ಲಾಭ ಎಂಬುದು ಸಾಲಿನ ತುದಿಯಲ್ಲಿ ನಿಂತಿದೆ ಎಂದು ಗೊತ್ತಿರುವುದಿಲ್ಲ. ಲೆಕ್ಕಕ್ಕೆಂದು ಕೆಲವು ಅಂಕಿ ಇಟ್ಟುಕೊಳ್ಳೋಣ. ಒಪ್ಪಂದದಿಂದ ಒಪ್ಪಂದಕ್ಕೆ ಇವು ಬದಲಾಗುತ್ತವೆ, ಸಾಲಿನ ಕ್ರಮ ಬಹುತೇಕ ಹೀಗೆಯೇ ಇರುತ್ತದೆ. ಚಿತ್ರದ ವೆಚ್ಚ 100, ಎಲ್ಲವೂ ಹೂಡಿಕೆದಾರರದು. ಹಂಚಿಕೆದಾರರ ಕೈಗೆ ಬಂದ ಗಳಿಕೆ 240. ಹಂಚಿಕೆದಾರರ ಶುಲ್ಕ ಶೇ. 25, ಅಂದರೆ 60. ಪ್ರಚಾರ ಮತ್ತು ಪ್ರತಿಗಳ ಖರ್ಚು 20. ಉಳಿದ 160ರಲ್ಲಿ ಮಾರಾಟದ ಏಜೆಂಟರ ಕಮಿಷನ್ ಶೇ. 20, ಅಂದರೆ 32. ಏಜೆಂಟರ ಓಡಾಟ, ಮಾರುಕಟ್ಟೆಯ ಖರ್ಚು 8. ಉಳಿದದ್ದು 120. ಹೂಡಿಕೆದಾರರಿಗೆ ಅಸಲು 100 ಮತ್ತು ಮೇಲೆ ಶೇ. 20 ಪ್ರೀಮಿಯಂ ಸೇರಿ 120. ಜೋಡಿಗೆ ಸೊನ್ನೆ.

ವೆಚ್ಚದ 2.4 ಪಟ್ಟು ಗಳಿಸಿದ ಚಿತ್ರವಿದು, ನೆನಪಿರಲಿ. 340 ಗಳಿಸಿದರೆ? ಶುಲ್ಕ 85, ಪ್ರಚಾರ 20, ಕಮಿಷನ್ 47, ಏಜೆಂಟರ ಖರ್ಚು 8, ಹೂಡಿಕೆದಾರರಿಗೆ 120. ಉಳಿದ 60ರಲ್ಲಿ, ಸಂಬಳ ಮುಂದೂಡಿಕೊಂಡಿದ್ದ ನಟರು ಮತ್ತು ತಂತ್ರಜ್ಞರಿಗೆ 10. ಮಿಕ್ಕ 50ರಲ್ಲಿ ಅರ್ಧ ಮತ್ತೆ ಹೂಡಿಕೆದಾರರಿಗೆ. ಕಂಪನಿಗೆ 25, ತಲಾ ಹನ್ನೆರಡೂವರೆ.

ಈ ಲೆಕ್ಕ ಹೇಳಿಕೊಡುವುದು ಎರಡು ವಿಷಯ. ನಿಮ್ಮ ಸಂಬಳ ಬಜೆಟ್ಟಿನೊಳಗೇ ಇರಬೇಕು, ಎಷ್ಟೇ ಚಿಕ್ಕದಾಗಿರಲಿ, ಒಂದು ಸಾಲಿನಲ್ಲಿ. ಲಾಭದ ಆಸೆಗೆ ಅದನ್ನು ಬಿಟ್ಟುಕೊಡಬಾರದು. ಮತ್ತೆ, ಏಜೆಂಟರ ಖರ್ಚಿಗೆ ಒಪ್ಪಂದದಲ್ಲೇ ಮಿತಿ ಹಾಕಿಸಬೇಕು, ಮಿತಿ ಮೀರಿದರೆ ಲಿಖಿತ ಒಪ್ಪಿಗೆ ಕೇಳಬೇಕು ಎಂದಿರಬೇಕು. ಮಿತಿಯಿಲ್ಲದ 8 ಎಂಬುದು 18 ಆಗಲು ಹೆಚ್ಚು ಹೊತ್ತು ಬೇಡ. ಬಜೆಟ್‌ನಲ್ಲಿ ಶೇ. 10 ಅನಿರೀಕ್ಷಿತ ಖರ್ಚಿಗೆ ಎತ್ತಿಡುವುದನ್ನು ಇಲ್ಲಿ ಬೇರೆ ಹೇಳಬೇಕಿಲ್ಲ, ಆದರೂ ಮೊದಲು ಕತ್ತರಿ ಬೀಳುವುದು ಅದಕ್ಕೇ.

ಜೋಡಿಯಲ್ಲಿ ಒಬ್ಬರು ಸ್ವಂತ ಹಣ ಹಾಕಿದ್ದರೆ ಅವರು ಆ ಮಟ್ಟಿಗೆ ಹೂಡಿಕೆದಾರರು. ಆ ಹಣ ಹೂಡಿಕೆದಾರರ ಸಾಲಿನಲ್ಲೇ ವಾಪಸಾಗಬೇಕು. ಅದನ್ನು ಸ್ನೇಹದ ಲೆಕ್ಕದಲ್ಲಿ ಬಿಟ್ಟರೆ ಎರಡನೆಯ ಚಿತ್ರದ ಹೊತ್ತಿಗೆ ಅದು ಬಡ್ಡಿ ಸಮೇತ ಮಾತಿನಲ್ಲಿ ಹೊರಬರುತ್ತದೆ.

ಉತ್ಸವ, ಒಪ್ಪಿಸಬೇಕಾದ ವಸ್ತುಗಳು

ಇಲ್ಲಿ ಜೋಡಿಗೆಂದೇ ವಿಶೇಷವಾದದ್ದು ಕಡಿಮೆ, ಎಡವುವ ಜಾಗಗಳನ್ನು ಮಾತ್ರ ಹೇಳುತ್ತೇವೆ. ಕಾನ್, ಬರ್ಲಿನ್, ವೆನಿಸ್‌ನಂಥ ದೊಡ್ಡ ಉತ್ಸವಗಳ ಸ್ಪರ್ಧಾ ವಿಭಾಗಕ್ಕೆ ಮೊದಲ ಪ್ರದರ್ಶನದ ಹಕ್ಕು ಬೇಕು. ಒಬ್ಬರು ದೊಡ್ಡ ಉತ್ಸವದ ಉತ್ತರಕ್ಕೆ ಕಾಯುತ್ತಿರುವಾಗ ಇನ್ನೊಬ್ಬರು ಗೆಳೆಯರ ಚಿಕ್ಕ ಉತ್ಸವಕ್ಕೆ ಹೂಂ ಎಂದರೆ ಆ ಬಾಗಿಲು ಮುಚ್ಚಿತು. ಅರ್ಜಿ ಕಳಿಸುವವರು ಒಬ್ಬರೇ ಇರಲಿ, ಲಿಂಕ್ ಒಂದೇ ಇರಲಿ, ಪಾಸ್‌ವರ್ಡ್ ಇರಲಿ.

ಸಂಗೀತದಲ್ಲಿ ಹಾಡಿನ ರಚನೆಗೆ ಒಂದು, ಧ್ವನಿಮುದ್ರಣಕ್ಕೆ ಇನ್ನೊಂದು ಅನುಮತಿ ಬೇಕು. ಉತ್ಸವಕ್ಕೆ ಮಾತ್ರ ಎಂದು ಅಗ್ಗಕ್ಕೆ ಪಡೆದ ಹಾಡು ಚಿತ್ರ ಮಾರಾಟವಾದ ದಿನ ಕುತ್ತಿಗೆಗೆ ಬರುತ್ತದೆ. ಎಲ್ಲ ಮಾಧ್ಯಮಗಳಿಗೆ ಮುಂದೆ ಎಷ್ಟು ಎಂಬ ಬೆಲೆಯನ್ನು ಮೊದಲ ಒಪ್ಪಂದದಲ್ಲೇ ಬರೆಸಿಕೊಳ್ಳಿ. ಥಿಯೇಟರಿಗೆ ಡಿಸಿಪಿ, ಅಂದರೆ ಡಿಜಿಟಲ್ ಪ್ರೊಜೆಕ್ಟರಿಗೆ ಕೊಡುವ ಫೈಲುಗಳ ಕಟ್ಟು: 2ಕೆ ಅಳತೆಯಲ್ಲಿ ಫ್ಲ್ಯಾಟ್ ಚೌಕಟ್ಟಾದರೆ 1998×1080 ಪಿಕ್ಸೆಲ್, ಇನ್ನೂ ಅಗಲದ ಸ್ಕೋಪ್ ಆದರೆ 2048×858. ಬೇರೆ ಭಾಷೆಗೆ ಡಬ್ ಮಾಡಲು ಮಾತಿಲ್ಲದ ಸಂಗೀತ ಮತ್ತು ಸದ್ದಿನ ಟ್ರ್ಯಾಕ್, ಅಕ್ಷರಗಳಿಲ್ಲದ ದೃಶ್ಯಗಳ ಪ್ರತಿ, ಟೈಮ್‌ಕೋಡ್ ಸಮೇತ ಸಂಭಾಷಣೆಯ ಪಟ್ಟಿ. ಇವನ್ನು ಮಿಕ್ಸಿಂಗ್ (ಎಲ್ಲ ಧ್ವನಿಗಳನ್ನು ಬೆರೆಸುವ) ದಿನವೇ ಮಾಡಿಸಿದರೆ ಒಂದು ಮಧ್ಯಾಹ್ನದ ಕೆಲಸ. ವರ್ಷದ ನಂತರ ಕೇಳಿದರೆ ಸ್ಟುಡಿಯೋದಲ್ಲಿ ಆ ಸೆಷನ್ನೇ ಇರುವುದಿಲ್ಲ.

ಎರಡು ಚಿತ್ರಗಳ ನಡುವಿನ ಕಾಲ, ಮತ್ತು ಬೇರೆಯಾಗುವುದು

ವೃತ್ತಿ ಎಂಬುದು ಹೆಚ್ಚಾಗಿ ಈ ನಡುವಿನ ಕಾಲವೇ. ಒಂದು ಚಿತ್ರ ಉತ್ಸವ ಸುತ್ತುವಾಗ ಒಬ್ಬರು ಅದರ ಜೊತೆ ಹೋಗಿ ಇನ್ನೊಬ್ಬರು ಮುಂದಿನದನ್ನು ಬರೆಯುವುದು ಜೋಡಿಗಿರುವ ದೊಡ್ಡ ಅನುಕೂಲ, ಒಂಟಿ ನಿರ್ದೇಶಕರಿಗೆ ಇದು ಸಾಧ್ಯವೇ ಇಲ್ಲ. ಕೈಯಲ್ಲಿ ಸದಾ ಮೂರು ಯೋಜನೆ ಬೇರೆ ಬೇರೆ ಹಂತದಲ್ಲಿರಲಿ: ಹಣ ಕೇಳಲು ಸಿದ್ಧವಾದ ಚಿತ್ರಕಥೆ, ಅರ್ಧ ಬರೆದದ್ದು, ಒಂದು ಪುಟದ ಆಲೋಚನೆ. ಒಂದು ಕಡೆ ಬೇಡ ಎಂದವರು ಆ ಭೇಟಿಯಲ್ಲೇ ‘ಬೇರೆ ಏನಿದೆ’ ಎಂದು ಕೇಳುತ್ತಾರೆ.

ಹೊರಗಿನ ಸಂಪಾದನೆಯ ಮಾತು ಇಲ್ಲೇ ಬರುತ್ತದೆ. ಜಾಹೀರಾತು, ಪಾಠ, ಬೇರೆಯವರ ಚಿತ್ರದ ಸಂಕಲನ, ಇವುಗಳ ಹಣ ದುಡಿದವರದೇ ಅಥವಾ ಕಂಪನಿಯದೇ? ಎರಡೂ ನಡೆಯುತ್ತದೆ. ಜೋಡಿಯ ಹೆಸರಿನಿಂದ ಬಂದ ಕೆಲಸ ಕಂಪನಿಗೆ, ಒಬ್ಬರ ಸ್ವಂತ ಹೆಸರಿನಿಂದ ಬಂದದ್ದು ಅವರಿಗೆ ಎಂಬ ಗೆರೆ ಹೆಚ್ಚು ಬಾಳಿಕೆ ಬರುವಂಥದ್ದು. ಒಬ್ಬರೇ ನಿರ್ದೇಶಿಸಲು ಬಯಸುವ ಚಿತ್ರ ಬಂದರೆ? ಎಷ್ಟು ತಿಂಗಳು ಮುಂಚೆ ಹೇಳಬೇಕು, ಜಂಟಿ ಯೋಜನೆ ಯಾವ ಹಂತದಲ್ಲಿದ್ದರೆ ಹೋಗುವಂತಿಲ್ಲ ಎಂದು ಬರೆದಿರಲಿ. ಹಣ ಒಟ್ಟಾಗಿ ಶೂಟಿಂಗ್ ದಿನ ಗೊತ್ತಾದ ಮೇಲೆ ಇಬ್ಬರಿಗೂ ಬಿಡುವಿಲ್ಲ ಎಂಬುದು ಒಪ್ಪುವಂಥ ಮಿತಿ.

ಬೇರೆಯಾಗುವ ಷರತ್ತನ್ನು ಸ್ನೇಹ ಚೆನ್ನಾಗಿರುವಾಗಲೇ ಬರೆಯಬೇಕು, ಒಂದೊಂದು ಯೋಜನೆಗೂ ಬೇರೆ ಬೇರೆಯಾಗಿ. ಬಿಡುಗಡೆಯಾದ ಚಿತ್ರ ಕಂಪನಿಯಲ್ಲೇ ಉಳಿಯುತ್ತದೆ, ಪಾಲು ಹಾಗೆಯೇ ಇರುತ್ತದೆ. ಬರೆದು ಮುಗಿದು ಹಣ ಸಿಗದ ಚಿತ್ರಕಥೆಯನ್ನು ಯಾರು ಮುಂದುವರಿಸುತ್ತಾರೋ ಅವರಿಗೆ ಒಂದು ಅವಧಿ ಕೊಡುತ್ತಾರೆ, 18 ತಿಂಗಳು ಎನ್ನಿ. ಅಷ್ಟರಲ್ಲಿ ಶೂಟಿಂಗ್ ಶುರುವಾಗದಿದ್ದರೆ ಅವಕಾಶ ಇನ್ನೊಬ್ಬರಿಗೆ. ಚಿತ್ರವಾದರೆ ಬಿಟ್ಟವರಿಗೆ ಬರಹದ ಹೆಸರು ಮತ್ತು ಮೊದಲೇ ಒಪ್ಪಿದ ಮೊತ್ತ. ಮೊದಲು ಯಾರಿಗೆ ಎಂಬುದಕ್ಕೆ ಸರಳ ಉತ್ತರ: ಮೂಲ ಆಲೋಚನೆ ಯಾರದೋ ಅವರಿಗೆ. ಅದಕ್ಕಾಗಿಯೇ ಪ್ರತಿ ಯೋಜನೆಯ ಮೊದಲ ಪುಟದಲ್ಲಿ ಆಲೋಚನೆ ತಂದವರ ಹೆಸರು, ತಾರೀಕು ಬರೆದಿಡುವ ಜೋಡಿಗಳಿವೆ. ಒಬ್ಬರು ತೀರಿಕೊಂಡರೆ ಷೇರು ವಾರಸುದಾರರಿಗೆ ಹೋಗುತ್ತದೆ, ಕೊನೆಯ ಮಾತಿನ ಹಕ್ಕು ಹೋಗಬಾರದು. ಈ ಒಂದು ವಾಕ್ಯ ಇಲ್ಲದಿದ್ದರೆ ಸಿನಿಮಾ ನೋಡದ ದಾಯಾದಿಯೊಬ್ಬರ ಸಹಿಗೆ ಕಾಯಬೇಕಾಗುತ್ತದೆ.

ಮಾರಾಟದ ಒಪ್ಪಂದಗಳಿಗೂ ಅವಧಿಯುಂಟು, ಏಳು, ಹತ್ತು, ಹದಿನೈದು ವರ್ಷ. ಅವಧಿ ಮುಗಿದ ಹಕ್ಕು ಹಲವು ಒಪ್ಪಂದಗಳಲ್ಲಿ ತಾನಾಗಿ ಹಿಂದಿರುಗುವುದಿಲ್ಲ. ಗೊತ್ತಾದ ದಿನದೊಳಗೆ ನೋಟಿಸು ಕೊಡದಿದ್ದರೆ ಒಪ್ಪಂದ ತಾನೇ ಮುಂದುವರಿಯುತ್ತದೆ. ಆ ತಾರೀಕುಗಳನ್ನು ಇಬ್ಬರ ಕ್ಯಾಲೆಂಡರಿನಲ್ಲೂ ಮೂರು ತಿಂಗಳು ಮುಂಚಿತವಾಗಿ ಗುರುತು ಹಾಕಿ. ನೋಟಿಸಿಗೆ ಒಬ್ಬರ ಸಹಿ ಸಾಕು ಎಂದು ಕಂಪನಿಯ ಕಾಗದದಲ್ಲಿ ಈಗಲೇ ಸೇರಿಸಿಕೊಳ್ಳಿ. ಅಷ್ಟು ವರ್ಷದ ಮೇಲೆ ಇಬ್ಬರೂ ಒಂದೇ ಊರಿನಲ್ಲಿ, ಒಂದೇ ಮನಸ್ಸಿನಲ್ಲಿ ಇರುತ್ತಾರೆಂಬ ಭರವಸೆ ಯಾವ ಒಪ್ಪಂದದಲ್ಲೂ ಇರುವುದಿಲ್ಲ.